ಶಿಕಾರಿ ಖೋಲಿಯ ಬಾಗಿಲಲ್ಲಿ

ಮೊದಲು ವಾಸನೆ ಬಂತು, ತಟ್ಟೆ ಆಮೇಲೆ.

ಬಬಲೇಶ್ವರದಲ್ಲಿ ಲಾಲಸಾಬನ ಮನೆಯ ಪಡಸಾಲೆಯಲ್ಲಿ ಕೂತಿದ್ದೆ. ಊರಿಗೆ ಲಾಲಸಾಬ, ನನಗೆ ಲಾಲಣ್ಣ. ಒಳಗೆ ಅವನ ಮೊಮ್ಮಗಳು ರೊಟ್ಟಿ ಬಡಿಯುತ್ತಿದ್ದಳು. ಮೊದಲ ರೊಟ್ಟಿ ಹಂಚಿಗೆ ಬಿದ್ದ ಕೂಡಲೇ ಹುಳಿ ಹುಳಿಯಾದ, ನೆಲದಡಿಯ ಆ ವಾಸನೆ ಹೊರಗೆ ಬಂತು. ಹಗೇವಿನ ಜೋಳ. ಈಗಿನವರಿಗೆ ಹೇಳಬೇಕಾಗುತ್ತದೆ: ಹಗೇವು ಅಂದರೆ ಗಟ್ಟಿ ನೆಲದಲ್ಲಿ ಹೂಜಿಯ ಆಕಾರಕ್ಕೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಜೋಳ ಹಾಕಿ, ಬಾಯಿಗೆ ಹಾಸುಗಲ್ಲು ಎಳೆದು, ಮೇಲೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ವಾಸನೆ ಮಾತ್ರ ಹಿಡಿಯುತ್ತದೆ. ಆ ರೊಟ್ಟಿಯೇ ರುಚಿ ಅನ್ನುವವರಿದ್ದಾರೆ.

ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

ನನ್ನ ಅಕ್ಕನ ಗಂಡ ಬಸಲಿಂಗಪ್ಪ, ನಾನು ಮಾಮಾ ಅನ್ನುತ್ತಿದ್ದವನು, ಹಿಂದಿನ ತಿಂಗಳು ತೀರಿಕೊಂಡಿದ್ದ. ಆ ಸುದ್ದಿ ಹೇಳಲು ಬಂದಿದ್ದೇನೆ ಎಂದು ಲಾಲಣ್ಣನಿಗೆ ಹೇಳಿದ್ದೆ. ನಿಜವಾಗಿ ಬಂದದ್ದು ಒಂದು ದೀಪದ ಮಾತು ಹೇಳಲು. ನಲವತ್ತು ವರ್ಷ ಆ ದೀಪವನ್ನು ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ.

ಅದು ಯಾವ ಇಸವಿ? ನಲವತ್ಮೂರು ಎಂದು ಹೇಳುತ್ತ ಬಂದಿದ್ದೇನೆ. ಅಕ್ಕ ತನ್ನ ಮಗ ಹುಟ್ಟಿದ ಲೆಕ್ಕ ಹಿಡಿದು ನಲವತ್ನಾಲ್ಕು ಅನ್ನುತ್ತಿದ್ದಳು. ಅವಳದೇ ಸರಿ ಇರಬೇಕು. ಆದರೂ ನನ್ನ ತಲೆಯಲ್ಲಿ ಅದು ನಲವತ್ಮೂರೇ. ಆ ಮಳೆಗಾಲದಲ್ಲಿ ಅಕ್ಕ ಹಸಿರು ಇಳಕಲ್ಲ ಸೀರೆ ಉಟ್ಟಿದ್ದಳು ಎಂದೂ ನನಗೆ ಖಚಿತವಾಗಿ ಗೊತ್ತು. ಅಕ್ಕನ ಹತ್ತಿರ ಹಸಿರು ಸೀರೆ ಇರಲೇ ಇಲ್ಲವಂತೆ. ಆದ್ದರಿಂದ ಮುಂದೆ ಹೇಳುವುದನ್ನು ಓದುವಾಗ ಸ್ವಲ್ಪ ದೂರ ನಿಂತು ಓದಿರಿ. ನಾನೂ ಹಾಗೇ ನಿಂತು ಬರೆಯುತ್ತಿದ್ದೇನೆ.

ಗೊತ್ತಿರುವುದು ಇಷ್ಟು. ಯುದ್ಧದ ಕಾಲ. ನನಗೆ ಹತ್ತೊಂಬತ್ತು, ವಿಜಾಪುರದಲ್ಲಿ ಹುಡುಗಿಯರ ಸಾಲೆಯಲ್ಲಿ ಸಣ್ಣ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದೆ. ಟಿಕೋಟಾದಲ್ಲಿ ಅಕ್ಕ ಬಸುರಿ. ಅದಕ್ಕೂ ಮೊದಲು ಎರಡು ಕೂಸು ಉಳಿದಿರಲಿಲ್ಲ. ಬಾಣಂತನಕ್ಕೆಂದು ರಜೆ ಹಾಕಿ ಹೋದೆ. ಸರ್ಕಾರ ಆಗ ರೈತರ ಜೋಳವನ್ನು ಲೆವ್ಹಿ ಎಂದು ಎತ್ತಿಕೊಂಡು ಹೋಗುತ್ತಿತ್ತು. ಮುಚ್ಚಿಟ್ಟವರಿಗೆ ಜೇಲು. ರೇಶನ್ನಿನಲ್ಲಿ ಸಿಗುವ ಕಾಳಿನಲ್ಲಿ ಹುಳ. ಅಕ್ಕ ತಿಂದದ್ದೆಲ್ಲ ಕಾರಿಕೊಳ್ಳುತ್ತಿದ್ದಳು. ಕಣ್ಣ ಕೆಳಗೆ ಬೂದಿ ಬಳಿದ ಹಾಗೆ ಆಗಿತ್ತು.

ಮಾಮಾ ಆರು ಚೀಲ ಜೋಳ ಮುಚ್ಚಿಟ್ಟಿದ್ದ. ಮನೆಯಲ್ಲೂ ಅಲ್ಲ, ಹೊಲದಲ್ಲೂ ಅಲ್ಲ. ಡೋಣಿ ಹೊಳೆಯ ಆಚೆ, ಬಬಲೇಶ್ವರದ ಕಡೆಗೆ ಏರುವ ಮರಡಿ ದಿಬ್ಬದ ಕುರುಚಲಿನಲ್ಲಿ ಶಿಕಾರಿ ಖೋಲಿ ಎಂಬ ಹಳೆಯ ಕಲ್ಲಿನ ಕಟ್ಟಡವಿತ್ತು. ಬಾದಶಹನ ಕಾಲದಲ್ಲಿ ಬೇಟೆಗೆ ಬಂದವರು ತಂಗುತ್ತಿದ್ದರಂತೆ. ಒಂದೇ ಕೋಣೆ, ಕಮಾನಿನ ಮಾಳಿಗೆ, ಕದವಿಲ್ಲದ ಬಾಗಿಲು. ಒಳಗೆ ನೆಲದಲ್ಲಿ ಕುದುರೆಗಳ ಕಾಳಿಗಾಗಿ ತೋಡಿದ ಹಗೇವು. ಲಾಲಣ್ಣನ ಹಿರಿಯರು ಅದನ್ನು ಕಾಯುತ್ತಿದ್ದರು ಎಂದು ಮಾತು. ಒಳಗೆ ಹಗೇವಿದೆ ಎಂಬುದು ಅವನ ಮನೆಯವರಿಗೆ ಬಿಟ್ಟರೆ ಅವನ ಗೆಳೆಯ ಮಾಮಾಗೆ ಮಾತ್ರ ಗೊತ್ತಿತ್ತು.

ಇಬ್ಬರು ಗಂಡಸರು ಖಾಲಿ ಚೀಲ ಹಿಡಿದು ಆ ಮುಳ್ಳುಕಂಟಿಯೊಳಗೆ ಹೋದರೆ ನೋಡಿದವರು ಕೇಳುತ್ತಾರೆ. ಹಿಂದೆ ಬುಟ್ಟಿ ಹೊತ್ತ ಹೆಂಗಸು ಇದ್ದರೆ ಕೇಳುವುದಿಲ್ಲ. ಬುಟ್ಟಿಯಲ್ಲಿ ಹೋಗುವಾಗ ಬುತ್ತಿ. ಬರುವಾಗ ಕೆಳಗೆ ಜೋಳ, ಮೇಲೆ ಅಡವಿಯಲ್ಲಿ ಆರಿಸಿದ ಒಣ ಸಗಣಿಯ ಕುಳ್ಳು. ಆ ಹೆಂಗಸು ನಾನು.

ನಾಲ್ಕು ಸಲ ಹೋದೆವು. ಬೆಳಗಿನ ಚಹಾದ ಹೊತ್ತಿಗೆ ಟಿಕೋಟಾ ಬಿಟ್ಟರೆ ಮಧ್ಯಾಹ್ನಕ್ಕೆ ಖೋಲಿ. ಮೊದಲು ಎರೆಹೊಲ, ಕಾಲಿಗೆ ಅಂಟುವ ಕರಿ ಮಣ್ಣು. ಆಮೇಲೆ ಡೋಣಿ. ಅದರ ಉಪ್ಪು ನೀರಲ್ಲಿ ಕಾಲು ಇಟ್ಟರೆ ಮುಳ್ಳು ಗೀರಿದ ಗಾಯಗಳೆಲ್ಲ ಒಟ್ಟಿಗೆ ಉರಿಯುತ್ತಿದ್ದವು. ದಾಟಿದ ಮೇಲೆ ಮರಡಿ: ಜಾಲಿ, ಬಾರಿ ಕಂಟಿ, ಡಬ್ಬಗಳ್ಳಿ. ಹಾದಿ ಅನ್ನುವುದು ಕುರಿ ನಡೆದ ಗೀಟು ಅಷ್ಟೇ. ಕಂಟಿ ನನ್ನ ತಲೆಗಿಂತ ಎತ್ತರ. ಮುಂದಿನವನ ಬೆನ್ನು ತಪ್ಪಿದರೆ ಎಲ್ಲಿದ್ದೇವೆ ಎಂದು ತಿಳಿಯುತ್ತಿರಲಿಲ್ಲ. ಆ ವರ್ಷ ತೋಳ ಹೆಚ್ಚಾಗಿದ್ದವು. ಆದರೆ ನಾನು ತಿರುತಿರುಗಿ ನೋಡುತ್ತಿದ್ದದ್ದು ತೋಳಕ್ಕಲ್ಲ, ಖಾಕಿ ಬಟ್ಟೆಗೆ.

"ಅಕ್ಕೋರ, ಹಿಂದ ನೋಡಬ್ಯಾಡ್ರಿ," ಅಂದಿದ್ದ ಲಾಲಣ್ಣ ಮೊದಲ ಸಲ. "ಹಿಂದ ನೋಡಿಕೋತ ನಡದ್ರ ತೋಳಕ್ಕೂ ನಮ್ಮ ಮ್ಯಾಲ ಸಂಶೆ ಬರ್ತೈತಿ."

"ಸುಮ್ನ ನಡೀಲೇ," ಅಂದ ಮಾಮಾ. "ಮೊದಲ ಅಂಜ್ಯಾಳ ಆಕಿ."

"ಅಂಜಲಿ ಬಿಡೋ. ಅಂಜಿದವರು ಲಗೂ ನಡೀತಾರ. ನಿನ್ನಂಗ ಹೊಟ್ಟಿ ಹೊತ್ತು ತೇಕೂದಿಲ್ಲ."

ಹಗೇವಿಗೆ ಇಳಿಯುವುದು ಲಾಲಣ್ಣನ ಕೆಲಸ. ಬಾಯಿ ಸಣ್ಣದು, ಮಾಮಾನ ಮೈ ಹಿಡಿಸುತ್ತಿರಲಿಲ್ಲ. "ಬಾದಶಾ ನನ್ನ ಸೊಂಟ ಅಳದು ಕೊರಿಸ್ಯಾನ," ಎಂದು ಲಾಲಣ್ಣ ನಗುತ್ತಿದ್ದ. ಮುಚ್ಚಿದ ಹಗೇವು ತೆಗೆದ ಕೂಡಲೇ ಇಳಿಯಬಾರದು, ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟುತ್ತದೆ. ಒಂದು ಹಗಲು ಒಂದು ರಾತ್ರಿ ಬಾಯಿ ತೆರೆದಿಡಬೇಕು, ಆಮೇಲೆ ದೀಪ ಬಿಡಬೇಕು. ದೀಪದ ಕೆಲಸ ನನಗೆ ಕೊಟ್ಟ. ಸಣ್ಣ ಪುಟ್ಟಿಯಲ್ಲಿ ಪಣತಿ ಇಟ್ಟು ಹುರಿ ಕಟ್ಟಿಕೊಟ್ಟ.

"ತಳಾ ಮುಟ್ಟಬೇಕು. ಮುಟ್ಟಿದ ಮ್ಯಾಲ ನೂರು ಎಣಸ್ರಿ. ನೂರರ ತನಕ ಉರದ್ರ ನಾ ಇಳೀತೇನಿ. ನಡುವ ಆರಿತಂದ್ರ ಹಗೇವು ಇನ್ನೂ ಉಸರ ಬಿಟ್ಟಿಲ್ಲ ಅಂತ. ನೀವು ಸಾಲಿ ಕಲಿಸೋರು, ಎಣಿಕಿ ತಪ್ಪೂದಿಲ್ಲ. ಈ ಬಸಲಿಂಗಗ ಇಪ್ಪತ್ತರ ಮ್ಯಾಲ ಬೆರಳು ಸಾಲೂದಿಲ್ಲ."

ಮೊದಲ ಸಲ ಪದ್ಧತಿಯಂತೆ ಹಿಂದಿನ ದಿನವೇ ಇಬ್ಬರೂ ಹೋಗಿ ಬಾಯಿ ತೆರೆದು ಬಂದಿದ್ದರು. ದೀಪ ಉರಿಯಿತು. ಲಾಲಣ್ಣ ಇಳಿದು ಜೋಳ ತುಂಬಿ ಕೊಟ್ಟ. ಕಲ್ಲು ಮುಚ್ಚಿ ಮಣ್ಣು ಮೆತ್ತಿ ಇಳಿದು ಬರುವಾಗ ಮರಡಿಯ ಕೆಳಗೆ ಒಬ್ಬ ಕುರುಬ ಎದುರಾದ. ಮೂಗು ಎತ್ತಿ ಹಿಡಿದಿದ್ದ.

"ನಿನ್ನಿಯಿಂದ ನೋಡಾಕತ್ತೇನ್ರಿ, ಯಾರೋ ಹಗೇವು ತಗದಾರ."

"ಬಬಲೇಶ್ವರದಾಗ ಇರಬೇಕು," ಅಂದ ಮಾಮಾ.

"ಗಾಳಿ ಆ ಕಡಿಂದ ಇಲ್ಲಲ್ರಿ ಯಜಮಾನ್ರ."

ಅಷ್ಟೇ ಅಂದ. ನಕ್ಕು ಕುರಿಯ ಹಿಂದೆ ಹೋದ. ನನ್ನ ತಲೆಯ ಮೇಲೆ ಬುಟ್ಟಿ ಕಲ್ಲಾಯಿತು. ಲಗುಬಗೆಯಿಂದ ಡೋಣಿಗೆ ಇಳಿದೆವು. ದಾಟಿದ ಮೇಲೆ ಮಾಮಾ ನಿಂತು ಹೇಳಿದ: "ಇನ್ನ ರಾತ್ರಿಪೂರ್ತಿ ತಗದಿಡೂದು ಬ್ಯಾಡ. ವಾಸನಿ ನಮ್ಮನ್ನ ಹಿಡಿಸ್ತೈತಿ." ಲಾಲಣ್ಣ ತಿರುಗಿ ಮರಡಿಯ ಕಡೆ ನೋಡಿದ. "ದೀಪ ಐತಲ್ಲ," ಅಂದ.

ಎರಡನೆಯ ಸಲ ತೆಗೆದು, ಬಾಗಿಲಲ್ಲಿ ನಾನು ಕುಳ್ಳಿನ ಹೊಗೆ ಹಾಕಿ ವಾಸನೆ ಅಡಗಿಸಿ, ಬುತ್ತಿ ಉಣ್ಣುವಷ್ಟು ಕಾದೆವು. ದೀಪ ನೂರರ ತನಕ ಉರಿಯಿತು. ಮೂರನೆಯ ಸಲ ಅರ್ಧ ಬುತ್ತಿಗೇ ಎದ್ದೆವು. ಉರಿಯಿತು. ಏನೂ ಆಗಲಿಲ್ಲ. ಏನೂ ಆಗದೆ ಇದ್ದುದಕ್ಕೆ ನಾನು ಈಗ ಹೆದರುತ್ತೇನೆ. ಅಕ್ಕ ಆ ಜೋಳದ ರೊಟ್ಟಿ ತಿಂದು ಉಳಿಸಿಕೊಂಡಳು. ಮುಖಕ್ಕೆ ಬಣ್ಣ ಬಂತು. "ಇನ್ನೊಂದು ಸಲ ತಂದ್ರ ಸಾಕು ಬೇ, ಹಡಿಯೂತನಕ ನಡೀತೈತಿ," ಅಂದಳು.

ಆಮೇಲೆ ಹದಿನೈದು ದಿನ ಮಳೆ. ಹೋಗಲಾಗಲಿಲ್ಲ.

ನಾಲ್ಕನೆಯ ಸಲ ಹೊರಟ ದಿನ ಮಳೆ ಬಿಟ್ಟಿತ್ತು, ಮೋಡ ಬಿಟ್ಟಿರಲಿಲ್ಲ. ಡೋಣಿ ಮೊಣಕಾಲಿಗೆ ಹರಿಯುತ್ತಿತ್ತು, ಕೆಂಪಗೆ. ದಾಟುವಾಗ ಲಾಲಣ್ಣ ನೀರಲ್ಲಿ ಒಂದು ಕಟ್ಟಿಗೆ ಚುಚ್ಚಿ ನಿಲ್ಲಿಸಿದ, ಏರಿದರೆ ತಿಳಿಯಲಿ ಎಂದು. ಕಂಟಿಯೊಳಗೆ ಹಾದಿ ಅಳಿಸಿಹೋಗಿತ್ತು. ಎರಡು ಸಲ ಒಂದೇ ಬನ್ನಿ ಗಿಡದ ಹತ್ತಿರ ಬಂದೆವು. ಕಂಟಿಯಲ್ಲಿ ಹಕ್ಕಿ ಒಂದೂ ಕೂಗುತ್ತಿರಲಿಲ್ಲ. ಅಥವಾ ಕೂಗುತ್ತಿದ್ದವು, ನನಗೆ ಕೇಳಲಿಲ್ಲ.

ಖೋಲಿಯ ನೆಲ ಒದ್ದೆಯಾಗಿತ್ತು. ಹಾಸುಗಲ್ಲಿನ ಮಣ್ಣು ಬೆಣ್ಣೆಯ ಹಾಗೆ ಬೆರಳಿಗೆ ಬಂತು. ಕಲ್ಲು ಸರಿಸಿದಾಗ ಎದ್ದ ವಾಸನೆ ಬೇರೆ: ಬೆಚ್ಚಗೆ, ಹುಳಿತ ಹಿಟ್ಟಿನ ಹಾಗೆ. ಒಳಗೆ ಎಲ್ಲೋ ಜೋಳ ನೆನೆದಿತ್ತು. ಲಾಲಣ್ಣ ಡೋಣಿ ನೋಡಲು ಖೋಲಿಯ ಮಾಳಿಗೆ ಏರಿದ್ದ. ಹಗೇವಿನ ಬಾಯಲ್ಲಿ ಇದ್ದವರು ಮಾಮಾ ಮತ್ತು ನಾನು.

ಪಣತಿ ಬಿಟ್ಟೆ. ಒಂದಾಳುದ್ದ ಇಳಿದಿರಬಹುದು. ಉರಿ ಸಣ್ಣದಾಯಿತು, ಬತ್ತಿಯ ಮೇಲೆ ಕೂತಿತು, ಇಲ್ಲವಾಯಿತು.

"ಆರಿತು ಮಾಮಾ."

"ಬಾಗಲದಿಂದ ಗಾಳಿ ಬರಾಕತ್ತೈತಿ. ಅಡ್ಡ ನಿಂತು ಮತ್ತ ಬಿಡು."

ಗಾಳಿ ಇತ್ತು, ಅದು ಸುಳ್ಳಲ್ಲ. ಕುಳ್ಳಿನ ಬೆಂಕಿಯಿಂದ ಮತ್ತೆ ಹಚ್ಚಿಕೊಂಡು ಬಂದೆ. ಬಾಯಿಂದ ಒಂದು ಮೊಳ ಇಳಿಸಿದ್ದೆ, ಮೇಲಿನಿಂದ ಲಾಲಣ್ಣನ ಕೂಗು: "ಬಸಲಿಂಗಾ, ಪಡುವಣದಾಗ ಮಳಿ ಹಿಡದೈತಿ! ಕಟ್ಟಿಗಿ ಮುಳಗೇತಿ! ಲಗೂ ಆಗಬೇಕು!" ಹುರಿ ಎಳೆದುಕೊಂಡೆ. ಅವನು ಧಡಧಡ ಇಳಿದು ಒಳಗೆ ಬಂದ. ಪಣತಿ ನನ್ನ ಅಂಗೈಯಲ್ಲಿ ಉರಿಯುತ್ತಿತ್ತು.

"ಹೆಂಗೈತಿ?" ಅಂದ.

"ಉರಿಯಾಕತ್ತೈತಿ," ಅಂದೆ.

ತಳ ಮುಟ್ಟಿರಲಿಲ್ಲ. ಒಂದೂ ಎಣಿಸಿರಲಿಲ್ಲ. ಮಾಮಾ ನನ್ನ ಮುಖ ನೋಡಿದ, ನಾನು ಪಣತಿ ನೋಡಿದೆ. ಅಕ್ಕನ ಮುಖಕ್ಕೆ ಬಂದಿದ್ದ ಬಣ್ಣ ಕಣ್ಣ ಮುಂದಿತ್ತು ಎಂದು ನಾನು ಹೇಳಿಕೊಳ್ಳುತ್ತ ಬಂದಿದ್ದೇನೆ.

ಲಾಲಣ್ಣ ಕಂಕುಳ ಕೆಳಗೆ ಹಗ್ಗ ಕಟ್ಟಿಕೊಂಡು ಇಳಿದ. ಒಂದು ಪುಟ್ಟಿ ಜೋಳ ಮೇಲೆ ಬಂತು. ಎರಡನೆಯದು ಬರಲಿಲ್ಲ.

"ಲಾಲ್ಯಾ."

ಮಾಮಾ ಬಗ್ಗಿ ಹಗೇವಿನೊಳಗೆ ಇಣುಕಿದ.

"ಲಾಲ್ಯಾ, ಚ್ಯಾಷ್ಟಿ ಮಾಡಬ್ಯಾಡ್ಲೇ."

ಮಾಮಾ ಹಗ್ಗ ಜಗ್ಗಿದ. ನಾನೂ ಹಿಡಿದೆ. ಹೆಣಭಾರ. ಅಂಗೈ ಸುಲಿಯಿತು. ಬಾಯಿಂದ ಒಂದು ಮೊಳ ಕೆಳಗೆ ಅವನ ತಲೆ ಕಂಡಿತು, ರುಮಾಲು ಬಿಚ್ಚಿಹೋಗಿತ್ತು. ಅಲ್ಲಿ ಹೆಗಲು ಕಲ್ಲಿಗೆ ಸಿಕ್ಕಿತು. ಮುಂದೆ ಬರಲಿಲ್ಲ. ಮಾಮಾ ಹಗ್ಗವನ್ನು ಬೆನ್ನಿಗೆ ಸುತ್ತಿಕೊಂಡು, ಕಾಲು ಗೋಡೆಗೆ ಕೊಟ್ಟು ಕೂತ. ಬಿಟ್ಟರೆ ಲಾಲಣ್ಣ ಮತ್ತೆ ಆ ಗಾಳಿಗೆ ಇಳಿಯುತ್ತಾನೆ. ನಾನು ಬೋರಲು ಮಲಗಿ ಕೈ ಇಳಿಬಿಟ್ಟೆ. ಅವನ ಕೂದಲು ಸಿಕ್ಕಿತು, ಹೆಗಲು ಸಿಕ್ಕಲಿಲ್ಲ. ಇನ್ನೆರಡು ಕೈ ಬೇಕಿತ್ತು.

ಆಗ ಹೊರಗೆ ಕುದುರೆಯ ಗೆಜ್ಜೆ.

ಬಾಗಿಲಿಗೆ ಓಡಿದೆ. ಕುದುರೆಯ ಮೇಲೆ ಒಬ್ಬ ಸಾಹೇಬ, ಜೊತೆಗೆ ಇಬ್ಬರು ಶಿಪಾಯಿಗಳು. ಲೆವ್ಹಿಯವರು. ಆರು ಚೀಲ, ಮಾಮಾನ ಜೇಲು, ಅಕ್ಕ, ಎಲ್ಲ ಒಮ್ಮೆಲೇ ತಿಳಿಯಿತು. ಒದರಿದೆ. ಅವರು ಓಡಿ ಬಂದರು. ಸಣ್ಣ ಶಿಪಾಯಿ ಬಾಯೊಳಗೆ ಅರ್ಧ ಇಳಿದು ಲಾಲಣ್ಣನ ತೋಳು ಮಡಿಚಿ ಹೆಗಲು ತಿರುಗಿಸಿದ, ಉಳಿದವರು ಜಗ್ಗಿದರು. ಹೊರಗೆ ಒದ್ದೆ ಹುಲ್ಲಿನ ಮೇಲೆ ಮಲಗಿಸಿದರು. ತುಟಿ ನೇರಳೆ. ಎಷ್ಟೋ ಹೊತ್ತಿನ ಮೇಲೆ ಎದೆ ಒಮ್ಮೆ ಏರಿತು. ಸಾಹೇಬ ಅಷ್ಟರಲ್ಲಿ ಖೋಲಿಯೊಳಗೆ ನಿಂತು ಕೆಳಗೆ ಇಣುಕುತ್ತಿದ್ದ.

ಇದನ್ನು ನಾನು ಹೀಗೆಯೇ ಹೇಳುತ್ತ ಬಂದಿದ್ದೇನೆ. ಗೆಜ್ಜೆ ಕೇಳಿತು, ಓಡಿದೆ, ಒದರಿದೆ. ಒಂದೇ ಒಂದು ಚಿತ್ರ ಇದರಲ್ಲಿ ಕೂಡುವುದಿಲ್ಲ. ಒದರಿದ ಗಳಿಗೆಯಲ್ಲಿ ನನಗೆ ಕಾಣುವುದು ಕುದುರೆಯ ಬಾಲ. ಅದಕ್ಕೆ ಒಣ ಬಾರಿ ಮುಳ್ಳಿನ ಟೊಂಗೆ ಸಿಕ್ಕಿಕೊಂಡು ಎಳೆದಾಡುತ್ತಿತ್ತು. ಎದುರಿಗೆ ಬರುವ ಕುದುರೆಯ ಮೂತಿ ಕಾಣಬೇಕು. ಬಾಲ ಯಾಕೆ ಕಾಣುತ್ತದೆ? ಎಷ್ಟೋ ಸಲ ಕೇಳಿಕೊಂಡೆ. ಕುದುರೆ ತಿರುಗಿರಬೇಕು ಎಂದು ಬಿಟ್ಟುಬಿಟ್ಟೆ.

ಜೋಳ ಹೋಯಿತು. ಮಾಮಾನನ್ನು ವಿಜಾಪುರದಲ್ಲಿ ಎರಡು ತಿಂಗಳು ಇಟ್ಟುಕೊಂಡರು. ದೀಪ ಬಿಟ್ಟವನು ತಾನೇ ಎಂದು ಕಚೇರಿಯಲ್ಲೂ ಹೇಳಿದ, ಊರಲ್ಲೂ ಹೇಳಿದ. ನಾನು ಸುಮ್ಮನಿದ್ದೆ. ಅಕ್ಕ ಹಡೆದಳು; ಕೂಸು ಉಳಿಯಿತು. ಲಾಲಣ್ಣನ ಬಲಗೈಗೆ ನಡುಕ ಬಂತು, ಹೋಗಲಿಲ್ಲ. ಅವನು ಟಿಕೋಟಾ ಬಿಟ್ಟು ಮನೆ ಸಮೇತ ಬಬಲೇಶ್ವರಕ್ಕೆ ಹೋದ. ಮಾಮಾನ ಹೊಸ್ತಿಲು ಮತ್ತೆ ತುಳಿಯಲಿಲ್ಲ. ಮಾಮಾ ಎರಡು ಸಲ ಅಲ್ಲಿಗೆ ಹೋಗಿ, ಓಣಿಯ ತುದಿಯಿಂದಲೇ ತಿರುಗಿ ಬಂದನಂತೆ. ನನ್ನ ದೀಪ ಅವರಿಬ್ಬರನ್ನು ಅಗಲಿಸಿತು ಎಂದುಕೊಂಡೇ ನಾನು ಮುದುಕಿಯಾದೆ.

ಮೊಮ್ಮಗಳು ತಟ್ಟೆ ತಂದಿಟ್ಟಳು. ರೊಟ್ಟಿ, ಹಿಂಡಿ, ಉಳ್ಳಾಗಡ್ಡಿ. ಲಾಲಣ್ಣ ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಎದುರಿಗೆ ಕೂತಿದ್ದ.

"ಲಾಲಣ್ಣ, ಆವತ್ತು ದೀಪ ಬಿಟ್ಟಾಕಿ ನಾನು."

"ಗೊತ್ತೈತ್ರಿ. ಪಣತಿ ನಿಮ್ಮ ಕೈಯಾಗ ಇತ್ತು. ಆಗ ನನ್ನ ಕಣ್ಣು ಚಲೋ ಇದ್ವು."

"ಮೊದಲ ಸಲ ಆರಿತ್ತು. ಎರಡನೇದು ತಳಾ ಮುಟ್ಟಲಿಲ್ಲ. ನೀ ಕೇಳಿದಿ, ನಾ ಉರಿಯಾಕತ್ತೈತಿ ಅಂದೆ."

ಅವನು ಯೋಚಿಸಿದ. "ಇಲ್ರಿ. ನಾ ಏನೂ ಕೇಳಲಿಲ್ಲ."

"ಕೇಳಿದಿ."

"ಕೇಳಬೇಕಿತ್ತು, ಅದು ಪದ್ಧತಿ. ಕೇಳಲಿಲ್ಲ. ನೀವಿಬ್ರೂ ಇದ್ರಲ್ಲ ಅಂತ ಇಳದೆ."

ನನಗೆ ನನ್ನ ದನಿ ಕೇಳಿಸಿದ್ದು ನೆನಪಿದೆ. ಅವನಿಗೆ ಮೌನ ನೆನಪಿದೆ. ಯಾರನ್ನು ಕೇಳುವುದು? ಮಾಮಾ ಇಲ್ಲ.

"ದೀಪದ ಮಾತು ಬಿಡ್ರಿ," ಅಂದ ಲಾಲಣ್ಣ. "ನನ್ನ ಹೆಗಲ ತಿರುವಿದ ಸಣ್ಣ ಶಿಪಾಯಿ ಜೈನಾಪುರದಾಂವ. ಮುಂದ ಸಂತ್ಯಾಗ ಸಿಕ್ಕಿದ್ದ. ಒಂದು ಮಾತು ಹೇಳಿದ. ನಲವತ್ತು ವರ್ಷ ಆತು, ನಿಮಗ ಕೇಳಬೇಕಂತ ಇಟಗೊಂಡೀನಿ. 'ಆ ಅಕ್ಕೋರು ಬಾಗಲದಾಗ ನಿಂತು ನಮಗ ಹಾದಿ ತೋರಿಸಿದ್ರು, ಕುಡ್ಯಾಕ ನೀರು ಕೊಟ್ರು, ನಾವು ಹೊಂಟ ಮ್ಯಾಲ ಒದರಿದ್ರು' ಅಂದ. ಖರೇನ್ರಿ?"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

ಕುದುರೆಯ ಬಾಲ. ಹೋಗುತ್ತಿರುವ ಕುದುರೆ.

ಆಗ ಉಳಿದದ್ದೆಲ್ಲ ನೆನಪಿಗೆ ಬಂತು, ಯಾವುದೋ ಮಡಕೆಯ ತಳದಲ್ಲಿ ಇಟ್ಟು ಮರೆತದ್ದು ಸಿಕ್ಕ ಹಾಗೆ. "ತಂಗಿ, ಬಬಲೇಶ್ವರದ ಹಾದಿ ಯಾವ ಕಡಿ?" ಎಂದು ಕೇಳಿದ್ದರು. "ಬನ್ನಿ ಗಿಡದ ಎಡಕ್ಕ ಹೋಗ್ರಿ," ಅಂದಿದ್ದೆ. ಬುತ್ತಿಯ ಚೆರಿಗೆಯಿಂದ ನೀರು ಹೊಯ್ದಿದ್ದೆ, ಕೈ ಅಲುಗಲಿಲ್ಲ. ನನ್ನ ಬೆನ್ನ ಹಿಂದೆ ಹಗ್ಗ ಕಲ್ಲಿಗೆ ತಿಕ್ಕುವ ಕಿರ್ರ್ ಎಂಬ ಸದ್ದು. ಅದು ಹೊರಗೆ ಕೇಳಬಾರದೆಂದು ನಾನು ಕೆಮ್ಮಿದ್ದೆ. ಎರಡು ಸಲ. ಹೊಗೆ, ಅಂದಿದ್ದೆ ನಗುತ್ತ. ಸಾಹೇಬ ಕುದುರೆ ತಿರುಗಿಸಿದ. ಅವರು ಕಿವಿಗೆ ದೂರವಾಗಲಿ ಎಂದು ನಾನು ಎಣಿಸತೊಡಗಿದ್ದೆ.

"ಖರೆ," ಅಂದೆ.

ಅವನು ಮುಖ ತಿರುಗಿಸಿ ಅಂಗಳದ ಕಡೆ ನೋಡಿದ. ನಾನು ಎದ್ದು ಹೋಗಬೇಕೋ ಏನೋ ತಿಳಿಯಲಿಲ್ಲ.

"ಎಣಸಾಕತ್ತಿದ್ದೆ," ಅಂದೆ. "ಅವರು ಹೋಗಲಿ ಅಂತ."

"ಎಷ್ಟಕ್ಕ ಒದರಿದ್ರಿ?"

ವರ್ಷ ಗೊತ್ತಿಲ್ಲದ, ಸೀರೆಯ ಬಣ್ಣ ಗೊತ್ತಿಲ್ಲದ ನನ್ನ ಬಾಯಿಂದ ಅದು ತಡವರಿಸದೆ ಬಂತು. "ಅರವತ್ತೆರಡಕ್ಕ."

ಲಾಲಣ್ಣ ತಲೆ ಆಡಿಸಿದ.

"ನೂರು ಮಾಡಲಿಲ್ಲಲ್ಲ," ಅಂದ. "ಬಸಲಿಂಗ ಒಳಗ ಕುಂತಿದ್ದ. ಅವನ ಕೈಯಾಗ ಹಗ್ಗ ಇತ್ತು, ಬಾಯಾಗ ಏನಿತ್ರಿ? ಅಂವ ನನ್ನ ಗೆಳ್ಯಾ. ಅಂವ ಒದರಲಿಲ್ಲ. ನೀವು ಹೊರಗಿನವರು, ನೀವು ಒದರಿದ್ರಿ." ತಟ್ಟೆಯನ್ನು ನನ್ನ ಕಡೆ ಸರಿಸಿದ. ಕೈ ನಡುಗಿ ತಟ್ಟೆ ನೆಲಕ್ಕೆ ಕಟಕಟ ಬಡಿಯಿತು. "ತಿನ್ರಿ. ರೊಟ್ಟಿ ತಣ್ಣಗಾದ್ರ ವಾಸನಿ ಹೆಚ್ಚಾಗ್ತೈತಿ."

ಮುರಿದು ಬಾಯಿಗೆ ಇಟ್ಟುಕೊಂಡೆ. ಬಾಗಿಲಿಂದ ಗಾಳಿ ಬಂತು. ಒಳಗೆ ಒಲೆಯ ಉರಿ ಸಣ್ಣದಾಯಿತು, ಕಟ್ಟಿಗೆಯ ಮೇಲೆ ಕೂತಿತು. ರೊಟ್ಟಿ ನುಂಗದೆ, ಆ ಉರಿ ಮತ್ತೆ ಏಳುವುದನ್ನು ಕಾಯುತ್ತ, ನಾನು ಎಣಿಸತೊಡಗಿದೆ.